ಕ್ಯಾನು ಮತ್ತು ಹೂಜಿ

ವಸುಂಧರಮ್ಮನವರ ಅಡುಗೆಮನೆಯಲ್ಲಿ ಸ್ಟ್ಯಾಂಡಿನ ಮೇಲೆ ತಲೆಕೆಳಗಾಗಿ ಕುಳಿತಿದ್ದ ನೀರಿನ ಕ್ಯಾನಿಗೆ, ನೆಲದ ಮೇಲಿನ ಮಣ್ಣಿನ ಹೂಜಿಯನ್ನು ಕಂಡರೆ ಆಗುತ್ತಿರಲಿಲ್ಲ. “ನಲ್ಲಿ ನೀರು ಕುಡಿಯುವವಳೇ, ದೂರ ಸರಿ,” ಎನ್ನುತ್ತಿತ್ತು.

ಎರಡಕ್ಕೂ ಜಾಗ ಸಾಲದೆ, ಮನೆಗೆ ಬರಲಿದ್ದ ಬೀಗಿತ್ತಿ ಮೆಚ್ಚಿದ್ದನ್ನು ಉಳಿಸಿಕೊಂಡು ಇನ್ನೊಂದನ್ನು ಹಿತ್ತಲಿಗೆ ಹಾಕುವುದೆಂದು ವಸುಂಧರಮ್ಮ ತೀರ್ಮಾನಿಸಿದರು. ಬೀಗಿತ್ತಿ ಬರುವ ದಿನವೇ ಕ್ಯಾನು ಬರಿದಾಯಿತು. ನೀರು ತರುವವನ ಸುಳಿವಿಲ್ಲ. ವಸುಂಧರಮ್ಮ ಬಾಗಿಲು ಹಾಕಿಕೊಂಡು, ಅದನ್ನು ಹೂಜಿ ತುಂಬಿದ ನಲ್ಲಿಗೇ ಹಿಡಿದು ತುಂಬಿಸಿ, ಮತ್ತೆ ಸ್ಟ್ಯಾಂಡಿಗೇರಿಸಿದರು.

ಬೀಗಿತ್ತಿ ಹೂಜಿಯ ನೀರು ಗುಟುಕರಿಸಿ ಮುಖ ಸಿಂಡರಿಸಿದರು. “ಸಪ್ಪೆ. ಮೇಲೆ ಮಣ್ಣಿನ ವಾಸನೆ ಬೇರೆ!” ಆಮೇಲೆ ಕ್ಯಾನಿನದನ್ನು ಕುಡಿದು ಕಣ್ಣರಳಿಸಿದರು. “ಕ್ಯಾನಿನದೆಂದರೆ ಕ್ಯಾನಿನದೇ ಕಣ್ರೀ, ಎಳನೀರಿನ ಹಾಗಿದೆ! ನಲ್ಲಿ ನೀರು ನಮ್ಮ ಮನೆಯವರ ಗಂಟಲಲ್ಲಿ ಇಳಿಯುವುದೇ ಇಲ್ಲ.”

ಹಿತ್ತಲಿಗೆ ಹೊರಟ ಹೂಜಿ ಮೆಲ್ಲನೆ ಕೇಳಿತು: “ಅಣ್ಣಾ, ನಾವಿಬ್ಬರೂ ಕುಡಿದದ್ದು ಒಂದೇ ನಲ್ಲಿಯದಲ್ಲವೇ?”

ಕ್ಯಾನು ಗುಳುಗುಳು ಎಂದು ಗಂಟಲು ಸರಿಪಡಿಸಿಕೊಂಡಿತು.

“ಇರಬಹುದು ತಂಗಿ. ಆದರೆ ಸ್ಟ್ಯಾಂಡಿನ ಮೇಲೆ ಕೂತವರಿಗೆ ನಲ್ಲಿಯ ನೆಂಟಸ್ತನ ನೆನಪಿರುವುದಿಲ್ಲ.”