ಒಂಬತ್ತು ಬಟ್ಟಲು

೧೯೬೩ರ ಜುಲೈ ೧೧, ಗುರುವಾರ. ಅಂಬುಜಾಕ್ಷಿಯ ದಿನಚರಿಯಲ್ಲಿ ಆ ದಿನದ ಮೊದಲ ಸಾಲು ಅವಳು ಗುರುಗಳನ್ನು ಕೇಳಿದ ಪ್ರಶ್ನೆ: "ಉತ್ತರ ಸರಿಯಿದ್ದ ಮೇಲೆ ಲೆಕ್ಕ ತಪ್ಪಾಗುವುದು ಹೇಗೆ?"

ಹಲಗೆಯ ಮೇಲೆ ಅವಳು ೨ + ೧ × ೩ = ೯ ಎಂದು ಬರೆದಿದ್ದಳು. ಗುರುಗಳು ಅದರ ಮೇಲೆ ಅಡ್ಡಗೆರೆ ಎಳೆದರು. ಗುಣಿಸುವುದು ಮೊದಲು, ಕೂಡುವುದು ಆಮೇಲೆ. ಹೀಗೆ ಬರೆದರೆ ಬರುವುದು ಐದು. ಒಂಬತ್ತು ಬೇಕಾದರೆ ಎರಡನ್ನೂ ಒಂದನ್ನೂ ಆವರಣದೊಳಗೆ ಇಡಬೇಕು ಎಂದರು.

ಅಂಬುಜಾಕ್ಷಿ ಒಪ್ಪಲಿಲ್ಲ. ತರಗತಿಗೆಲ್ಲ ಅವಳೇ ಮೊದಲು. "ಬರಬೇಕಾದದ್ದು ಒಂಬತ್ತು, ಬರೆದದ್ದೂ ಒಂಬತ್ತು. ಎರಡು ಬಾಗಿದ ಗೆರೆಗೆ ಇಷ್ಟು ರಂಪವೇ, ಗುರುಗಳೇ?"

ಗುರುಗಳು ಸೀಮೆಸುಣ್ಣ ಕೆಳಗಿಟ್ಟು ಹೇಳತೊಡಗಿದರು.

ಒಬ್ಬ ನೇಕಾರ. ಅವನ ಮೂವರು ಮಕ್ಕಳೂ ಜ್ವರದಿಂದ ಮಲಗಿದ್ದರು. ಅವನು ವೈದ್ಯನ ಬಳಿಗೆ ಹೋದ. ವೈದ್ಯ ಒಂದು ಬೇರಿನ ರಸ ಕೊಟ್ಟ. ಅದು ಜ್ವರವನ್ನೂ ಇಳಿಸುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. ಅದರ ವಿಷ ಮುರಿಯುವುದು ಹಾಲಿಗೆ ಮಾತ್ರ.

ವೈದ್ಯನದೊಂದು ಪದ್ಧತಿ ಇತ್ತು. ಬರೀ ಬಾಯಲ್ಲಿ ಹೇಳಿ ಕಳಿಸುತ್ತಿರಲಿಲ್ಲ. ಒಬ್ಬ ರೋಗಿಯ ಪಾಲನ್ನು ಒಂದು ಹರಿವಾಣದಲ್ಲಿ ಜೋಡಿಸಿ ತೋರಿಸುತ್ತಿದ್ದ. ಅಂದೂ ಎರಡು ಪುಟ್ಟ ಬಟ್ಟಲು ಹಾಲು, ಒಂದು ಬಟ್ಟಲು ರಸ ಇಟ್ಟು, "ಇಂಥ ಹರಿವಾಣ ಮೂರು. ಸೇರಿದರೆ ಒಂಬತ್ತು ಬಟ್ಟಲು. ಒಂದೊಂದು ಮಗುವಿಗೆ ಮೂರು. ಮನೆಯಲ್ಲೂ ಹರಿವಾಣ ಇಟ್ಟೇ ತೋರಿಸು" ಎಂದ.

ನೇಕಾರ ನಕ್ಕ. "ಮಗ್ಗದಲ್ಲಿ ಸಾವಿರ ಎಳೆ ಎಣಿಸುವವನು ನಾನು. ಮೂರು ಅಂಕಿಗೆ ಹರಿವಾಣ ಬೇರೆ ಬೇಕೇ, ಸ್ವಾಮಿ?"

ಮನೆಗೆ ಬಂದವನು ರಸದ ಕುಡಿಕೆಯನ್ನು ಹೆಂಡತಿಯ ಕೈಗಿತ್ತ. "ಎರಡು ಬಟ್ಟಲು ಹಾಲು. ಒಂದು ಬಟ್ಟಲು ರಸ, ಮೂರು ಸಲ. ಒಟ್ಟು ಒಂಬತ್ತು ಆಗಬೇಕು" ಎಂದು ಹೇಳಿ ಮಗ್ಗಕ್ಕೆ ಕುಳಿತ.

ಅವಳು ಎರಡು ಬಟ್ಟಲು ಹಾಲು ಹೊಯ್ದಳು. ರಸವನ್ನು ಮೂರು ಸಲ ಹೊಯ್ದಳು. ಅಳೆದು ನೋಡಿದರೆ ಐದೇ ಬಟ್ಟಲು.

"ಏನೂಂದ್ರೆ, ಒಂಬತ್ತು ಆಗಲಿಲ್ಲವಲ್ಲ" ಎಂದು ಒಳಗಿನಿಂದ ಕೂಗಿದಳು.

"ನನ್ನ ಲೆಕ್ಕ ತಪ್ಪುವುದುಂಟೇ? ನೀನೇ ಎಲ್ಲೋ ಚೆಲ್ಲಿದ್ದೀಯೆ. ಒಂಬತ್ತು ಮಾಡು" ಎಂದ ಅವನು, ಲಾಳಿ ನಿಲ್ಲಿಸದೆ.

ಹಾಲು ಮುಗಿದಿತ್ತು. ಅವಳು ನಾಲ್ಕು ಬಟ್ಟಲು ನೀರು ಬೆರೆಸಿದಳು. ಒಂಬತ್ತಾಯಿತು. ದೊಡ್ಡವನು ಕಹಿಯೆಂದು ಮುಖ ತಿರುಗಿಸಿದ. ಅವನ ಮೂಗು ಹಿಡಿದು ಕುಡಿಸಿದಳು. ಉಳಿದಿಬ್ಬರಿಗೂ ಕುಡಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ಅಂಬುಜಾಕ್ಷಿ ಬೆರಳು ಮಡಿಚುತ್ತಿದ್ದಳು.

"ಹಾಲು ಆರು ಬಟ್ಟಲು ಬೇಕಿತ್ತು" ಎಂದಳು. ಅವಳ ಕಣ್ಣು ಹಲಗೆಯ ಮೇಲೆ ತಾನು ಬರೆದ ಒಂಬತ್ತಕ್ಕೆ ಹೋಯಿತು. 

ಗುರುಗಳು ಹೇಳಿದರು: "ಉತ್ತರ ಒಂಬತ್ತೇ ಬಂದಿತ್ತು, ಮಗು, ನೇಕಾರ ಮೂರು ಗುಂಡಿ ತೋಡಿದ."