ಗಣಿಯ ಪಾಲು, ಒಂದು ಬುಟ್ಟಿ ಮಣ್ಣು

“ಗುರುಗಳೇ, ಚಿನ್ನದ ಗಣಿಯೊಂದರ ಪಾಲು ಕೊಂಡಿದ್ದೇನೆ. ಚಿನ್ನ ಇನ್ನೂ ಸಿಕ್ಕಿಲ್ಲ, ಅಗೆಯುತ್ತಿದ್ದಾರೆ ಅಷ್ಟೆ. ಬೆಲೆ ಏರಿದ ವಾರ ಮಾರು, ಇಳಿದ ವಾರ ಕೊಳ್ಳು ಎನ್ನುತ್ತಾನೆ ಭಾವ. ಕಣ್ಣುಮುಚ್ಚಿ ಹತ್ತು ವರ್ಷ ಇಟ್ಟುಬಿಡು ಎನ್ನುತ್ತಾನೆ ಅಣ್ಣ. ಯಾರ ಮಾತು ಕೇಳಲಿ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಅಕ್ಕಸಾಲಿಗರ ಬೀದಿಯ ಧೂಳು ತೊಳೆದು ಬದುಕುವವನೊಬ್ಬ ಇದ್ದ. ಅಂಗಡಿಗಳಲ್ಲಿ ಗುಡಿಸಿದ ಕಸವನ್ನು ಕೊಂಡು, ಮರದ ಮರಿಗೆಯಲ್ಲಿ ಹಾಕಿ ನೀರಿನಲ್ಲಿ ಆಡಿಸಿ, ತಳದಲ್ಲಿ ಉಳಿಯುವ ಚಿನ್ನದ ಕಣಗಳನ್ನು ತೆಗೆಯುವುದು ಅವನ ಕಸುಬು. ಅವನ ಮನೆಯಲ್ಲಿ ನೀರಿರಲಿಲ್ಲ. ಧೂಳಿನ ಮೂಟೆಗಳನ್ನು ಗಂಡ ಹೆಂಡತಿ ದಿನವೂ ಒಂದು ಮೈಲಿ ದೂರದ ಕೆರೆಗೆ ಹೊರಬೇಕಿತ್ತು. ಹೆಂಡತಿಯ ಮಂಡಿ ಸೋಲತೊಡಗಿತ್ತು. ಬಾವಿಯಿರುವ ಒಂದು ಹಿತ್ತಿಲು ಕೊಳ್ಳಬೇಕೆಂದು ಇಬ್ಬರೂ ಹನ್ನೊಂದು ವರ್ಷ ಹಣ ಕೂಡಿಟ್ಟಿದ್ದರು. ಅದು ಅರ್ಧ ಬೆಲೆಗೂ ಸಾಲುತ್ತಿರಲಿಲ್ಲ.

ಆಗ ಊರಾಚೆಯ ಬೆಟ್ಟದಲ್ಲಿ ಚಿನ್ನವಿದೆ ಎಂದು ಒಂದು ಕಂಪನಿ ಅಗೆಯಲು ತೊಡಗಿ ಪಾಲುಗಳನ್ನು ಮಾರಿತು. ಅವನು ಕೂಡಿಟ್ಟದ್ದನ್ನೆಲ್ಲ ಕೊಟ್ಟು ನಲವತ್ತು ಪಾಲು ಕೊಂಡ. ಹೆಂಡತಿಗೆ ಆಮೇಲೆ ಹೇಳಿದ.

ದಲ್ಲಾಳಿಯ ಅಂಗಡಿಯ ಮುಂದೆ ಒಂದು ಕರಿಹಲಗೆ ಇತ್ತು. ದಿನದ ಬೆಲೆಯನ್ನು ಅದರ ಮೇಲೆ ಬರೆಯುತ್ತಿದ್ದರು. ಜವಳಿ ವ್ಯಾಪಾರಿಯೊಬ್ಬ ಬೆಳಿಗ್ಗೆ ಕೊಂಡು ಸಂಜೆ ಮಾರುತ್ತಿದ್ದ. ಅವನನ್ನು ನೋಡಿ ಇವನೂ ಹಾಗೆಯೇ ಮಾಡಿದ. ಕೆಲವು ದಿನ ಲಾಭ, ಕೆಲವು ದಿನ ನಷ್ಟ, ಎಲ್ಲ ದಿನವೂ ದಲ್ಲಾಳಿಗೆ ಅವನ ಕಮಿಷನ್. ವರ್ಷ ಕಳೆಯುವಷ್ಟರಲ್ಲಿ ನಲವತ್ತು ಪಾಲು ಮೂವತ್ತೊಂದಾಗಿತ್ತು. ಇವನು ಹಲಗೆಯ ಮುಂದೆ ನಿಂತಿದ್ದ ಹೊತ್ತಿನಲ್ಲಿ ಎರಡು ಅಂಗಡಿಗಳ ಧೂಳು ಬೇರೆಯವರ ಕೈಸೇರಿತ್ತು.

“ಇನ್ನು ಮಾರುವುದೂ ಬೇಡ, ಕೊಳ್ಳುವುದೂ ಬೇಡ. ಪೆಟ್ಟಿಗೆಯಲ್ಲಿಟ್ಟು ಮರೆತುಬಿಡುತ್ತೇನೆ,” ಎಂದ ಹೆಂಡತಿಗೆ.

“ಮರೆತರೆ ಮಣ್ಣು ಚಿನ್ನವಾಗುತ್ತದೆಯೇ?” ಎಂದಳು ಅವಳು. “ಒಂದು ಬೊಗಸೆ ತೊಳೆದು ನೋಡದೆ ಯಾವ ಆಚಾರ್ರ ಅಂಗಡಿಯ ಕಸವನ್ನೂ ನೀವು ಕೊಂಡವರಲ್ಲ. ಇಡೀ ಬೆಟ್ಟವನ್ನು ಮಾತ್ರ ಹಾಗೇ ಕೊಂಡುಬಿಟ್ಟಿರಿ.”

ಆ ಬೀದಿಯ ಪದ್ಧತಿಯೇ ಅದು. ಮೊದಲು ಅಂಗಡಿಯ ಮೆಟ್ಟಿಲ ಮೇಲೆ ಒಂದು ಬೊಗಸೆ ತೊಳೆಯುತ್ತಾರೆ, ಆಮೇಲೆ ಬೆಲೆ ಮಾತಾಡುತ್ತಾರೆ.

ಮರುದಿನ ಮರಿಗೆ ಹೊತ್ತು ಬೆಟ್ಟಕ್ಕೆ ಹೋದ. ಸುರಂಗದಿಂದ ತೆಗೆದ ಮಣ್ಣನ್ನು ಹಳ್ಳದ ಪಕ್ಕ ಸುರಿಯುತ್ತಿದ್ದರು. ಕಾವಲುಗಾರನನ್ನು ಕೇಳಿ, ಹೊಸ ರಾಶಿಯಿಂದ ಒಂದು ಬುಟ್ಟಿ ತುಂಬಿ ತೊಳೆದ. ಕರಿಮರಳಿನ ಅಂಚಿನಲ್ಲಿ ಮೂರು ಕಣ ಹೊಳೆದವು. ಆ ತಿಂಗಳು ಪಾಲು ಮಾರಲಿಲ್ಲ.

ಮುಂದಿನ ತಿಂಗಳೂ ಹೋದ. ಅದರ ಮುಂದಿನ ತಿಂಗಳೂ ಹೋದ. ತೊಳೆದ ದಿನ ತೀರ್ಮಾನ ಮಾಡುತ್ತಿದ್ದ, ಉಳಿದ ದಿನ ಕಸುಬು ಮಾಡುತ್ತಿದ್ದ. ಒಂದು ತಿಂಗಳು ಮರಿಗೆಯಲ್ಲಿ ಬರಿಯ ಕರಿಮರಳು ಉಳಿಯಿತು. ಅಂದು ಹಲಗೆಯ ಮೇಲೆ ಬೆಲೆ ಏರಿತ್ತು. ಆರು ಪಾಲು ಮಾರಿದ. ಮತ್ತೊಂದು ತಿಂಗಳೂ ಹಾಗೆಯೇ ಆಗಿದ್ದರೆ ಉಳಿದದ್ದನ್ನೂ ಮಾರುತ್ತಿದ್ದ. ಕಣಗಳು ಮತ್ತೆ ಕಂಡವು.

ನಾಲ್ಕನೆಯ ವರ್ಷ ಸುರಂಗಕ್ಕೆ ನೀರು ನುಗ್ಗಿತು. ಬೆಲೆ ಕಾಲುಭಾಗಕ್ಕೆ ಇಳಿಯಿತು. ಜವಳಿ ವ್ಯಾಪಾರಿ ಎಲ್ಲವನ್ನೂ ಮಾರಿ ಕೈತೊಳೆದುಕೊಂಡ. ಬುಟ್ಟಿ ಹೊತ್ತು ಹೊರಟಿದ್ದವನನ್ನು ನಿಲ್ಲಿಸಿ, “ಏನಯ್ಯಾ, ಅಂಗಡಿಗಳ ಕಸ ಸಾಲದೆಂದು ಬೆಟ್ಟದ ಕಸಕ್ಕೂ ಕೈಹಾಕಿದೆಯಾ?” ಎಂದ.

“ಇಷ್ಟು ದಿನ ಅನ್ನ ಹಾಕಿದ್ದು ಕಸವೇ, ಸಾಹುಕಾರರೇ.”

“ಬೆಲೆ ನೋಡಿದೆಯಾ?”

“ನೋಡಿದೆ. ಮಣ್ಣನ್ನೂ ನೋಡಿ ಬರುತ್ತೇನೆ.”

ನೀರಿನ ಜೊತೆ ಸುರಂಗದ ಆಳದ ಕೆಸರನ್ನೂ ಎತ್ತಿ ಹಾಕುತ್ತಿದ್ದರು. ಅದನ್ನು ತೊಳೆದಾಗ ಹನ್ನೊಂದು ಕಣ ಸಿಕ್ಕವು. ಹಿಂದೆ ಎಂದೂ ಅಷ್ಟು ಸಿಕ್ಕಿರಲಿಲ್ಲ. ಮರಿಗೆಯನ್ನು ಹಾಗೆಯೇ ಮನೆಗೆ ತಂದು ಹೆಂಡತಿಯ ಮುಂದಿಟ್ಟ. ಅವಳು ಬೆರಳಿನಿಂದ ಒಂದೊಂದನ್ನೇ ಸರಿಸಿ ಎಣಿಸಿದಳು. ಮಂಡಿ ಹಿಡಿದುಕೊಂಡು ಎದ್ದಳು.

“ಹಾಗಾದರೆ ಪಾಲು ಇರಲಿ, ನಾಳೆಯೂ ಕೆರೆಗೆ ನಡೆಯೋಣ,” ಎಂದಳು.

ಬುಟ್ಟಿ ಹೊರಲು ತೊಡಗಿ ಏಳು ವರ್ಷ ತುಂಬಿದ ತಿಂಗಳು, ಬೆಟ್ಟದ ಆಳದಲ್ಲಿ ಚಿನ್ನದ ಪದರ ಸಿಕ್ಕಿತು. ಬೆಲೆ ಅವನು ಮೊದಲು ಕೊಂಡದ್ದರ ಹನ್ನೆರಡು ಪಟ್ಟಾಯಿತು. ಹತ್ತು ಪಾಲು ಮಾರಿ ಬಾವಿಯಿರುವ ಹಿತ್ತಿಲು ಕೊಂಡ. ಮೊದಲ ಬಿಂದಿಗೆ ನೀರನ್ನು ಹೆಂಡತಿಯೇ ಸೇದಿದಳು. ಹದಿನೈದು ಪಾಲು ಇನ್ನೂ ಪೆಟ್ಟಿಗೆಯಲ್ಲಿದ್ದವು.

ಶಿಷ್ಯನ ಮುಖ ಅರಳಿತು. “ಅಣ್ಣನ ಮಾತೇ ಸರಿ ಎಂದಾಯಿತು, ಗುರುಗಳೇ. ಆ ಹದಿನೈದನ್ನು ಅವನು ಏಳು ವರ್ಷ ಇಟ್ಟುಕೊಂಡನಲ್ಲ.”

ಗುರುಗಳು ಹೇಳಿದರು: “ಅವನು ಇಟ್ಟುಕೊಂಡದ್ದು ಒಂದೊಂದೇ ತಿಂಗಳು, ಎಂಬತ್ತನಾಲ್ಕು ಸಲ.”