ಅಂಚಿಗೆ ಓಡಿದ ಕರಡಿ

ಒಂದು ಕಾಡಿನ ಪ್ರಾಣಿಗಳಿಗೆ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹಿಡಿದಿತ್ತು. ಕೋತಿ ಚೆಂಡು ಎಸೆಯುತ್ತಿತ್ತು, ಜಿಂಕೆ ಬಯಲಿನ ಅಂಚಿನಲ್ಲಿ ಓಡಿ ಹಿಡಿಯುತ್ತಿತ್ತು. ದೊಡ್ಡ ಮೈಯ ಕರಡಿಗೆ ಎರಡು ಕೆಲಸ: ಕೋತಿಯ ಹತ್ತಿರ ನಿಂತು, ಅದನ್ನು ಕೆಡವಲು ನುಗ್ಗುವ ಎದುರು ತಂಡದ ಹಂದಿಗಳನ್ನು ತಡೆಯಬೇಕು, ಆಮೇಲೆ ತಿರುಗಿ ಚೆಂಡು ಹಿಡಿಯಬೇಕು.

ಕರಡಿಗೆ ಬೇಜಾರಾಯಿತು. "ಕೋತಿಯಣ್ಣ, ನಾನೂ ಚೆನ್ನಾಗೇ ಹಿಡೀತೀನಿ. ಚಪ್ಪಾಳೆ ಮಾತ್ರ ಜಿಂಕೆಗೆ. ಇವತ್ತು ನಾನೂ ಅಂಚಿಗೆ ಹೋಗ್ತೀನಿ."

"ಹೋಗಪ್ಪ," ಅಂದಿತು ಕೋತಿ. "ಕೈಯೇನೋ ಜಿಂಕೆಗಿಂತ ನಿಂದೇ ಮೇಲು."

ಆಟ ಶುರುವಾಯಿತು. ಕರಡಿ ದುಡುದುಡು ಓಡಿಹೋಗಿ, ಅಂಚಿನಲ್ಲಿ ಎರಡೂ ಕೈ ಚಾಚಿ ನಿಂತಿತು. ಎಷ್ಟು ಹೊತ್ತಾದರೂ ಚೆಂಡು ಬರಲಿಲ್ಲ. ಕೋತಿಗೆ ಹೊಟ್ಟೆಕಿಚ್ಚು ಅಂದುಕೊಂಡು ಸಿಟ್ಟಿನಿಂದ ವಾಪಸು ಬಂತು.

"ಯಾಕೆ ಎಸೀಲಿಲ್ಲ?"

"ಎಸೆಯೋ ಕೈ ಮೇಲೆ ಹಂದಿ ಕೂತಿದೆಯಲ್ಲೋ ಮಾರಾಯ!" ಹಂದಿಯ ಅಡಿಯಿಂದ ಕೋತಿಯ ದನಿ ಬಂತು.

ಕರಡಿ ಹಂದಿಯನ್ನು ಎತ್ತಿ ಪಕ್ಕಕ್ಕಿಟ್ಟಿತು. ಕೋತಿಯ ಮೈಮೇಲಿನ ಮಣ್ಣು ಕೊಡವಿತು.

"ದಪ್ಪಣ್ಣ, ಇನ್ನೊಂದು ಸಲ ಓಡೋಣ ಬರ್ತೀಯಾ?" ಜಿಂಕೆ ದೂರದಿಂದ ಕೆಣಕಿತು.

"ನೀನು ಓಡು ತಂಗಿ," ಅಂದಿತು ಕರಡಿ, ಕೋತಿಯ ಮಗ್ಗುಲಲ್ಲಿ ಕಾಲೂರಿ ನಿಲ್ಲುತ್ತಾ. "ಇವನು ನಿಂತಿದ್ದರೆ ತಾನೇ ನಮಗಿಬ್ಬರಿಗೂ ಚೆಂಡು."